ದೇಹದ್ದೇ ಹಾರ್ಮೋನಾದರೆ ಅಪಾಯವಿಲ್ಲವೇ?

ಪ್ರಶ್ನೆ: ಬೆಳವಣಿಗೆಯ ಹಾರ್ಮೋನನ್ನು ನೇರವಾಗಿ ಚುಚ್ಚಿಸಿಕೊಳ್ಳುವ ಬದಲು, ದೇಹವೇ ಅದನ್ನು ಹೆಚ್ಚು ಸ್ರವಿಸುವಂತೆ ಮಾಡುವ ಕೃತಕ ಪೆಪ್ಟೈಡ್‌ಗಳು, ಅಂದರೆ ಅಮೈನೊ ಆಮ್ಲಗಳ ಕಿರು ಸರಪಳಿಗಳು, ಇವೆ ಎಂದು ಜಿಮ್ಮಿನ ಗೆಳೆಯರು ಹೇಳುತ್ತಾರೆ. ಇವು ಹೇಗೆ ಕೆಲಸ ಮಾಡುತ್ತವೆ? ಬರುವುದು ದೇಹದ್ದೇ ಹಾರ್ಮೋನಾದ್ದರಿಂದ ಅಪಾಯವಿಲ್ಲ ಎಂಬುದು ನಿಜವೇ?

ಉತ್ತರ: ಗೆಳೆಯರ ಮೊದಲ ಮಾತು ಸರಿ, ಎರಡನೆಯದು ಸರಿಯಲ್ಲ. ಈ ಹಾರ್ಮೋನು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಲ್ಲಿ ತಯಾರಾಗಿ ಅಲ್ಲಿಯೇ ಶೇಖರವಾಗಿರುತ್ತದೆ. ದಿನವಿಡೀ ಒಂದೇ ಸಮನೆ ಹರಿಯದೆ ಅಲೆಅಲೆಯಾಗಿ, ಮುಖ್ಯವಾಗಿ ರಾತ್ರಿಯ ಮೊದಲ ಗಾಢ ನಿದ್ರೆಯಲ್ಲಿ, ರಕ್ತಕ್ಕೆ ಸೇರುತ್ತದೆ. ಮೆದುಳಿನ ಭಾಗವಾದ ಹೈಪೋಥಲಾಮಸ್‌ನಿಂದ ಬರುವ ಜಿಎಚ್‌ಆರ್‌ಎಚ್ ಎಂಬ ಹಾರ್ಮೋನು ಅದನ್ನು ಹೊರಡಿಸಿದರೆ, ಸೊಮ್ಯಾಟೊಸ್ಟಾಟಿನ್ ಎಂಬ ಇನ್ನೊಂದು ಹಾರ್ಮೋನು ತಡೆಯುತ್ತದೆ.

ಕೃತಕ ಪೆಪ್ಟೈಡ್‌ಗಳ ಒಂದು ಗುಂಪು ಈ ಜಿಎಚ್‌ಆರ್‌ಎಚ್‌ನ ಅನುಕರಣೆ. ಅದರ ಸರಪಳಿಯಲ್ಲಿ 44 ಅಮೈನೊ ಆಮ್ಲಗಳಿದ್ದರೂ ಕೆಲಸಕ್ಕೆ ಮೊದಲ 29 ಸಾಕು. ಸರ್ಮೊರೆಲಿನ್ ಎಂಬುದು ಆ ತುಂಡೇ. ತೊಡಕೆಂದರೆ, ರಕ್ತದಲ್ಲಿರುವ ಡಿಪಿಪಿ-4 ಎಂಬ ಕಿಣ್ವವು ಸರಪಳಿಯ ತುದಿಯ ಎರಡು ಅಮೈನೊ ಆಮ್ಲಗಳನ್ನು ಕತ್ತರಿಸಿಬಿಡುತ್ತದೆ, ಅಷ್ಟಕ್ಕೇ ಉಳಿದ ಸರಪಳಿಯೆಲ್ಲ ಕೆಲವೇ ನಿಮಿಷಗಳಲ್ಲಿ ನಿರುಪಯುಕ್ತವಾಗುತ್ತದೆ. ಆದ್ದರಿಂದ ಸಿಜೆಸಿ-1295ರಂಥವುಗಳಲ್ಲಿ ಎರಡನೆಯ ಸ್ಥಾನದ ಅಲನೈನ್ ಬದಲಿಗೆ ಅದರ ಕನ್ನಡಿ ಪ್ರತಿಬಿಂಬದಂಥ ರೂಪವನ್ನು ಕೂರಿಸುತ್ತಾರೆ. ಆಗ ಕಿಣ್ವಕ್ಕೆ ಹಿಡಿತ ಸಿಗುವುದಿಲ್ಲ.

ಎರಡನೆಯ ಗುಂಪಿನ ಕಥೆ ನನಗೆ ಇನ್ನೂ ಸ್ವಾರಸ್ಯಕರವೆನಿಸುತ್ತದೆ. ಎನ್‌ಕೆಫಲಿನ್ ಎಂಬ ಪೆಪ್ಟೈಡನ್ನು ಮಾರ್ಪಡಿಸುತ್ತ ಹೋದ ಸಂಶೋಧಕರಿಗೆ, ಪಿಟ್ಯುಟರಿಯಿಂದ ಹಾರ್ಮೋನು ಹೊರಡಿಸುವ ಜಿಎಚ್‌ಆರ್‌ಪಿ-6 ದೊರೆಯಿತು. ಅದು ಹೋಗಿ ಕೂರುವ ಗ್ರಾಹಕವನ್ನು, ಅಂದರೆ ಜೀವಕೋಶದ ಮೇಲಿದ್ದು ಸಂದೇಶ ಹಿಡಿಯುವ ಪ್ರೋಟೀನನ್ನು, 1996ರಲ್ಲಿ ಗುರುತಿಸಲಾಯಿತು. ಆ ಗ್ರಾಹಕಕ್ಕೆ ದೇಹದಲ್ಲೇ ಇರುವ ಸಹಜ ಸಂದೇಶವಾಹಕ ಗ್ರೆಲಿನ್ ಜಠರದಲ್ಲಿ ಸಿಕ್ಕಿದ್ದು 1999ರಲ್ಲಿ, ಜಪಾನಿನ ಕೊಜಿಮ ಮತ್ತು ಕಂಗಾವಾ ಅವರಿಗೆ. ಗ್ರೆಲಿನ್ ಹಸಿವಿನ ಹಾರ್ಮೋನೂ ಹೌದಾದ್ದರಿಂದ ಜಿಎಚ್‌ಆರ್‌ಪಿ-6 ತೆಗೆದುಕೊಂಡವರಿಗೆ ಹಸಿವು ಕೆರಳುತ್ತದೆ. ಮೊದಲ ಗುಂಪು ಜೀವಕೋಶದೊಳಗೆ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕ ಅಣುವನ್ನೂ ಎರಡನೆಯದು ಕ್ಯಾಲ್ಸಿಯಮನ್ನೂ ಹೆಚ್ಚಿಸುವುದರಿಂದ, ಎರಡನ್ನೂ ಒಟ್ಟಿಗೆ ಕೊಟ್ಟಾಗ ಸ್ರಾವವು ಎರಡರ ಮೊತ್ತಕ್ಕಿಂತಲೂ ಹೆಚ್ಚಾಗುತ್ತದೆ.

ಇನ್ನು ಅಪಾಯದ ವಿಚಾರ. ಹಾರ್ಮೋನು ಏರಿದಾಗ ಪಿತ್ತಜನಕಾಂಗ ತಯಾರಿಸುವ ಐಜಿಎಫ್-1 ಎಂಬ ಹಾರ್ಮೋನು ಪಿಟ್ಯುಟರಿಗೆ ತಡೆಯೊಡ್ಡುತ್ತದೆ, ಸೊಮ್ಯಾಟೊಸ್ಟಾಟಿನ್ನೂ ತನ್ನ ಕೆಲಸ ಬಿಡುವುದಿಲ್ಲ. ನೇರ ಚುಚ್ಚುಮದ್ದಿನಲ್ಲಿ ಈ ಅಂಕೆ ಇರುವುದಿಲ್ಲ. ಆದರೆ ಏರಿದ ಹಾರ್ಮೋನು ಎಲ್ಲಿಂದ ಬಂದರೂ ಮಾಡುವ ಕೆಲಸ ಒಂದೇ: ರಕ್ತದ ಸಕ್ಕರೆ ಏರಬಹುದು, ಮೈಯಲ್ಲಿ ನೀರು ನಿಂತು ಕೀಲು ನೋಯಬಹುದು, ಕೈಬೆರಳು ಜೋಮು ಹಿಡಿಯಬಹುದು. ಟೆಸಮೊರೆಲಿನ್ ಎಂಬ ಪೆಪ್ಟೈಡಿಗೆ 2010ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು ಎಚ್‌ಐವಿ ಸೋಂಕಿತರ ಹೊಟ್ಟೆಯ ಕೊಬ್ಬಿನ ಚಿಕಿತ್ಸೆಗೇ ಹೊರತು ಮೈ ಹುರಿಗೊಳಿಸಲು ಅಲ್ಲ. ಕ್ಯಾನ್ಸರ್ ಇರುವವರಿಗೆ ಅದನ್ನು ಕೊಡುವಂತಿಲ್ಲ. ‘ಸಂಶೋಧನೆಗೆ ಮಾತ್ರ’ ಎಂಬ ಚೀಟಿ ಹೊತ್ತ ಸೀಸೆಗಳ ಶುದ್ಧತೆಗೆ ಯಾರ ಖಾತರಿಯೂ ಇಲ್ಲ. ನೀವು ಕ್ರೀಡಾಪಟುವಾಗಿದ್ದರೆ ಇದನ್ನೂ ತಿಳಿದಿರಿ: ಈ ಎರಡೂ ಗುಂಪುಗಳು ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ ನಿಷೇಧಿತ ಪಟ್ಟಿಯಲ್ಲಿವೆ, ಪಂದ್ಯವಿಲ್ಲದ ದಿನಗಳಲ್ಲಿಯೂ ಆ ನಿಷೇಧ ಅನ್ವಯಿಸುತ್ತದೆ.