ಡಿಸೆಂಬರಲ್ಲಿ ಹವಾಯಿಗೆ ಹೋದ್ರೆ ಮಳೆ ಸಿಗುತ್ತಾ, ಸ್ವೆಟರ್ ಬೇಕಾ?

ಬೆಂಗಳೂರಿಂದ ಫ್ಯಾಮಿಲಿ ಸಮೇತ ಹೋಗ್ತಿದೀವಿ, ಅಲ್ಲಿ ಮಳೆಗಾಲ ಯಾವಾಗ ಅಂತ ಕೇಳಿದೀರ. ನವೆಂಬರಿಂದ ಮಾರ್ಚ್ ತನಕ ಮಳೆ ಸ್ವಲ್ಪ ಜಾಸ್ತಿ ನಿಜ, ಆದ್ರೆ ತಿಂಗಳಿಗಿಂತ ದ್ವೀಪದ ಯಾವ ಕಡೆ ಉಳ್ಕೋತೀರ, ಎಷ್ಟು ಎತ್ತರಕ್ಕೆ ಹೋಗ್ತೀರ ಅನ್ನೋದೇ ಅಲ್ಲಿ ಮುಖ್ಯ.

ವರ್ಷದ ಬಹುಪಾಲು ಈಶಾನ್ಯದಿಂದ ಗಾಳಿ ಬೀಸ್ತಾನೇ ಇರತ್ತೆ, ಸಮುದ್ರದ ತೇವ ಹೊತ್ಕೊಂಡು ಬಂದು ಜ್ವಾಲಾಮುಖಿ ಬೆಟ್ಟಗಳಿಗೆ ತಗುಲಿ ಮೇಲೇರಿ ತಣ್ಣಗಾಗಿ ಅಲ್ಲೇ ಸುರಿದುಬಿಡತ್ತೆ, ಬೆಟ್ಟ ದಾಟೋ ಹೊತ್ತಿಗೆ ಅದು ಬರೀ ಒಣಗಾಳಿ. ನಮ್ಮ ಆಗುಂಬೆ, ಚಳ್ಳಕೆರೆ ಕಥೆನೇ, ಆದ್ರೆ ಎಲ್ಲಾ ಒಂದೇ ದ್ವೀಪದೊಳಗೆ. ಹವಾಯಿಯ ಅತಿ ದೊಡ್ಡ ದ್ವೀಪ ಬಿಗ್ ಐಲ್ಯಾಂಡಲ್ಲಿ ಪೂರ್ವದ ಹಿಲೋ ಊರಿಗೆ ವರ್ಷಕ್ಕೆ 3000 ಮಿ.ಮೀ. ಮೇಲೆ ಮಳೆ, ಪಶ್ಚಿಮ ಕರಾವಳಿಯ ಕವಾಯಿಹೇ ಹತ್ರ 250 ಮಿ.ಮೀ. ಆದ್ರೆ ಹೆಚ್ಚು.

ನಾವು ಅಕ್ಕ ಭಾವನ ಜೊತೆ ಹಿಲೋದಿಂದ ಬೆಟ್ಟ ಹತ್ತಿ ಪಶ್ಚಿಮಕ್ಕೆ ದಾಟೋ ಸ್ಯಾಡಲ್ ರೋಡ್ ಹಿಡಿದಾಗ ವೈಪರ್ ಫುಲ್ ಸ್ಪೀಡಲ್ಲಿದ್ರೂ ಮುಂದಿನ ಗಾಡಿ ಕಾಣ್ತಿರ್ಲಿಲ್ಲ, ಹತ್ತುತ್ತಾ ಹೋದ ಹಾಗೆ ಮೋಡ ಕೆಳಗೇ ಉಳೀತು, ಆ ಕಡೆ ಇಳಿದ್ರೆ ಸುಡು ಬಿಸಿಲು, ಹಳದಿ ಹುಲ್ಲು. ಸುಮಾರು 2000 ಮೀಟರ್ ದಾಟಿದ್ರೆ ಬಿಸಿ ಒಣಗಾಳಿಯ ಪದರ ಇರತ್ತೆ, ಮೋಡ ಸಾಮಾನ್ಯವಾಗಿ ಅದನ್ನ ದಾಟಲ್ಲ. ಅದಕ್ಕೇ ಅದೇ ದ್ವೀಪದ 4207 ಮೀಟರ್ ಎತ್ತರದ ಮೌನಾ ಕೇಯಾ ಬೆಟ್ಟದ ತುದಿ ಒಣಕಲು, ಚಳಿಗಾಲದಲ್ಲಿ ಹಿಮಾನೂ ಬೀಳತ್ತೆ. ಬೀಚಿಗೆ ಸ್ವೆಟರ್ ಬೇಡ, ಮೇಲೆ ಹೋಗೋದಾದ್ರೆ ದಪ್ಪ ಜಾಕೆಟ್ ಬೇಕೇ ಬೇಕು, ಪುಟ್ಟ ಮಕ್ಕಳನ್ನ ಅಷ್ಟು ಎತ್ತರಕ್ಕೆ ಕರ್ಕೊಂಡು ಹೋಗ್ಬೇಡಿ.

ಒಂದೇ ದ್ವೀಪ ನೋಡೋದಾದ್ರೆ ನಾನು ಬಿಗ್ ಐಲ್ಯಾಂಡ್ ಅಂತೀನಿ. ಈ ದ್ವೀಪಗಳನ್ನ ಹುಟ್ಟಿಸಿದ ನೆಲದಾಳದ ಶಿಲಾರಸದ ಮೂಲ ಹೆಚ್ಚುಕಮ್ಮಿ ಒಂದೇ ಕಡೆ ಇದೆ, ಅದರ ಮೇಲಿನ ಪೆಸಿಫಿಕ್ ಫಲಕ, ಅಂದ್ರೆ ಸಮುದ್ರತಳದ ಭೂಪದರ, ವಾಯವ್ಯಕ್ಕೆ ಸರೀತಿದೆ, ಅದಕ್ಕೆ ವಾಯವ್ಯದ ಕವಾಯಿ ದ್ವೀಪಕ್ಕೆ ಸುಮಾರು 50 ಲಕ್ಷ ವರ್ಷ, ಬಿಗ್ ಐಲ್ಯಾಂಡಿಗೆ ಇನ್ನೂ 10 ಲಕ್ಷಾನೂ ಆಗಿಲ್ಲ. ಹೆಪ್ಪುಗಟ್ಟಿದ ಕರಿ ಲಾವಾದ ಬಿರುಕಲ್ಲಿ ಗೇಣುದ್ದದ ಓಹಿಯಾ ಗಿಡ ಎದ್ದು ನಿಂತಿರತ್ತೆ, ಮಣ್ಣೇ ಇಲ್ಲ, ಆದ್ರೂ ತುದೀಲಿ ಎಳೆ ಎಳೆಯಾಗಿ ಕೆಂಪು ಹೂವು. ದಯವಿಟ್ಟು ಬಗ್ಗಿ ನೋಡಿ.

ಆ ಹೂವಿನ ಮಕರಂದ ಕುಡಿಯೋ ಹನಿಕ್ರೀಪರ್ ಹಕ್ಕಿಗಳ ಸ್ಥಿತಿ ನೆನೆಸ್ಕೊಂಡ್ರೆ ನಂಗೆ ಹೊಟ್ಟೆ ಉರಿಯತ್ತೆ. ಐವತ್ತಕ್ಕೂ ಹೆಚ್ಚು ಜಾತಿ ಇದ್ವು, ಈಗ ಹದಿನೇಳರಷ್ಟು ಉಳಿದಿವೆ. ಅಲ್ಲಿ ಸೊಳ್ಳೆನೇ ಇರ್ಲಿಲ್ಲ, 1826ರಲ್ಲಿ ಹಡಗಿನ ನೀರಿನ ಪೀಪಾಯಿಗಳಲ್ಲಿ ಬಂತು ಅಂತಾರೆ, ಆಮೇಲೆ ಹಕ್ಕಿ ಮಲೇರಿಯಾ ಹಬ್ಬಿತು. ಸೊಳ್ಳೆ ಬದುಕದಷ್ಟು ತಣ್ಣಗಿರೋ ಎತ್ತರದ ಕಾಡು ಮಾತ್ರ ಈ ಹಕ್ಕಿಗಳಿಗೆ ಆಸರೆಯಾಗಿತ್ತು, ತಾಪಮಾನ ಏರ್ತಿದ್ದಂಗೆ ಸೊಳ್ಳೆನೂ ಮೇಲೆ ಹತ್ತುತಿದೆ. 2023ರಿಂದ ಮಾವಿ ದ್ವೀಪದಲ್ಲಿ ವೊಲ್ಬಾಕಿಯಾ ಬ್ಯಾಕ್ಟೀರಿಯಾ ಇರೋ ಗಂಡು ಸೊಳ್ಳೆಗಳನ್ನ ಬಿಡ್ತಿದಾರೆ, ಅವು ಕೂಡಿದ ಕಾಡಿನ ಹೆಣ್ಣುಸೊಳ್ಳೆಗಳ ಮೊಟ್ಟೆ ಒಡೆಯಲ್ಲ.

ಓಹಿಯಾಗೂ ಶಿಲೀಂಧ್ರ ರೋಗ ತಗುಲಿದೆ, ಶೂಗೆ ಅಂಟಿದ ಮಣ್ಣಲ್ಲೂ ಹರಡತ್ತೆ. ಟ್ರೇಲ್ ಶುರುವಾಗೋ ಕಡೆ ಬ್ರಷ್ ಇಟ್ಟಿರ್ತಾರೆ, ಹೋಗೋವಾಗ್ಲೂ ಬರೋವಾಗ್ಲೂ ಉಜ್ಜಿ. ಇಲ್ಲಿ ಟ್ರೆಕ್ಕಿಂಗ್ ಮಾಡಿದ ಶೂನೇ ಹಾಕ್ಕೊಂಡು ಹೋಗೋದಾದ್ರೆ ಬೆಂಗಳೂರಲ್ಲೇ ಅಡಿಯ ಮಣ್ಣೆಲ್ಲಾ ತೊಳೆದು ಒಣಗಿಸಿ ಪ್ಯಾಕ್ ಮಾಡಿ.