ಉದ್ದದ ಹುಟ್ಟು, ನೋಯುವ ಭುಜ: ಕಡಲ ಕಯಾಕ್ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನಾನು ಕುಂದಾಪುರದವಳು. ಎರಡು ವರ್ಷದಿಂದ ಹಿನ್ನೀರಿನಲ್ಲಿ ರೆಸಾರ್ಟಿನವರ ಅಗಲದ ಕಯಾಕ್ (ಹುಟ್ಟು ಹಾಕಿ ಓಡಿಸುವ ಸಣ್ಣ ದೋಣಿ) ಓಡಿಸಿ ಅಭ್ಯಾಸ ಇದೆ. ಈಗ ಕಡಲಿಗೆ ಅಂತಲೇ ಮಾಡಿದ ಹಳೆಯ ಕಯಾಕ್ ಒಂದನ್ನು ಕೊಂಡಿದ್ದೇನೆ, ಅಗಲ 56 ಸೆಂ.ಮೀ. ನನ್ನ ಎತ್ತರ 5 ಅಡಿ 4 ಇಂಚು. ಅಂಗಡಿಯವರು 240 ಸೆಂ.ಮೀ. ಉದ್ದದ ಅಲ್ಯೂಮಿನಿಯಂ ಪ್ಯಾಡಲ್ (ಎರಡೂ ತುದಿಗೆ ನೀರು ತಳ್ಳುವ ಅಲಗಿರುವ ಹುಟ್ಟು) ತಗೊಳ್ಳಿ, ಉದ್ದ ಇದ್ದಷ್ಟೂ ಬಲ ಜಾಸ್ತಿ ಅಂತಾರೆ. ರೆಸಾರ್ಟಿನ ಪ್ಯಾಡಲ್ ಹಿಡಿದು ಒಂದು ಗಂಟೆ ಹೋದರೆ ಸಾಕು, ಭುಜ ನೋಯುತ್ತದೆ. ಯಾವುದನ್ನು ಕೊಳ್ಳಲಿ?

ಉತ್ತರ: 240 ಬೇಡ. ಮಿಕ್ಕಿದ್ದನ್ನು ಆಮೇಲೆ ಹೇಳುತ್ತೇನೆ, ಮೊದಲು ಆ ಪ್ಯಾಡಲ್‌ಗೆ ದುಡ್ಡು ಕೊಡಬೇಡಿ.

ಅಂಗಡಿಯವರ ಮಾತು ಎಲ್ಲಿಂದ ಬಂತು ಅಂತ ಗೊತ್ತು. ರೆಸಾರ್ಟಿನ ಕಯಾಕ್‌ಗಳು, ಅಂದರೆ ಮೇಲೆ ಕೂತು ಓಡಿಸುವಂಥವು, 75-80 ಸೆಂ.ಮೀ. ಅಗಲ ಇರುತ್ತವೆ. ಆ ಅಗಲ ದಾಟಿ ನೀರು ಮುಟ್ಟಬೇಕು ಅಂದರೆ 230, 240 ಬೇಕೇ ಬೇಕು. ನಿಮ್ಮದು 56. ಕಡಲ ಕಯಾಕ್‌ನಲ್ಲಿ ನೀರು ನಿಮ್ಮ ಸೊಂಟದ ಪಕ್ಕದಲ್ಲೇ ಇರುತ್ತದೆ, ಅಷ್ಟು ಉದ್ದದ ಕೋಲು ಹಿಡಿದರೆ ಅಲಗು ದೋಣಿಯಿಂದ ದೂರ ಹೋಗಿ ಬೀಳುತ್ತದೆ. ಆಗ ಎರಡು ತೊಂದರೆ. ಒಂದು, ಬಲಗಡೆ ಎಳೆದಾಗ ಮೂತಿ ಎಡಕ್ಕೆ, ಎಡಗಡೆ ಎಳೆದಾಗ ಬಲಕ್ಕೆ ತಿರುಗುತ್ತಾ, ನಿಮ್ಮ ಶ್ರಮದ ಒಂದು ಪಾಲು ದೋಣಿಯನ್ನು ನೇರ ಮಾಡುವುದಕ್ಕೇ ಹೋಗುತ್ತದೆ. ಇನ್ನೊಂದು, ಅಲಗು ಕೈಯಿಂದ ದೂರ ಇದ್ದಷ್ಟೂ ಅದೇ ನೀರನ್ನು ತಳ್ಳಲು ಕೈಗೆ ಬೀಳುವ ಭಾರ ಜಾಸ್ತಿ. ಉದ್ದನೆಯ ಹಿಡಿ ಇರುವ ಸೌಟಿನ ತುದಿಯನ್ನು ಹಿಡಿದು ಗಟ್ಟಿ ಹಿಟ್ಟು ತೊಳಸಿ ನೋಡಿ, ಗೊತ್ತಾಗುತ್ತದೆ. ನಿಮ್ಮ ಭುಜ ನೋಯುವುದಕ್ಕೆ ಇದು ದೊಡ್ಡ ಕಾರಣ ಇರಬಹುದು.

ನಾನೂ ಮೊದಲ ವರ್ಷ 240ರ ಅಲ್ಯೂಮಿನಿಯಂ ಪ್ಯಾಡಲ್ ಹಿಡಿದು ಒದ್ದಾಡಿದವನು. ಕೊಟ್ಟವರು ಹೇಳಿದ್ದೂ ಇದೇ ಮಾತು. ಗೆಳೆಯರೊಬ್ಬರು ತಮ್ಮ 215ನ್ನು ಅರ್ಧ ಗಂಟೆ ನನ್ನ ಕೈಗೆ ಕೊಟ್ಟರು, ಅವತ್ತು ವಾಪಸ್ ಕೊಡುವುದಕ್ಕೆ ಮನಸ್ಸೇ ಬರಲಿಲ್ಲ.

ಹಾಗಾದರೆ ಎಷ್ಟು ಉದ್ದ? ಅದು ನೀವು ಹೇಗೆ ಹುಟ್ಟು ಹಾಕುತ್ತೀರಿ ಅನ್ನುವುದರ ಮೇಲೆ ನಿಂತಿದೆ. ಯಾರಿಗಾದರೂ ಹೇಳಿ, ಮುಂದಿನಿಂದ ಒಂದು ವಿಡಿಯೋ ತೆಗೆಸಿಕೊಳ್ಳಿ. ಮೇಲಿನ ಕೈ ಕಣ್ಣಿನ ಮಟ್ಟಕ್ಕೆ ಬರುತ್ತಿದ್ದರೆ, ಪ್ಯಾಡಲ್ ನೆಟ್ಟಗೆ ನೀರಿಗೆ ಇಳಿಯುತ್ತಿದ್ದರೆ, ಅದು ಹೈ ಆಂಗಲ್. ಕೈ ಎದೆಮಟ್ಟದಲ್ಲೇ ಓಡಾಡುತ್ತಿದ್ದರೆ ಲೋ ಆಂಗಲ್. ನಿಮ್ಮ ಎತ್ತರಕ್ಕೆ, ನಿಮ್ಮ ದೋಣಿಯ ಅಗಲಕ್ಕೆ, ಹೈ ಆಂಗಲ್ ಆದರೆ 205-210, ಲೋ ಆಂಗಲ್ ಆದರೆ 215-220. ತೀರ್ಮಾನ ಆಗಲಿಲ್ಲವಾ, ಉದ್ದ ಹೆಚ್ಚುಕಮ್ಮಿ ಮಾಡಬಹುದಾದ ಎರಡು ತುಂಡಿನ ಪ್ಯಾಡಲ್ ಸಿಗುತ್ತದೆ, ಅದನ್ನೇ ತಗೊಂಡು ಒಂದು ಋತು ಓಡಿಸಿ. ಅಲಗಿನ ಆಕಾರವೂ ಇದಕ್ಕೇ ಹೊಂದಬೇಕು: ಹೈ ಆಂಗಲ್‌ಗೆ ಅಗಲವಾದ ಗಿಡ್ಡ ಅಲಗು, ಲೋ ಆಂಗಲ್‌ಗೆ ಸಪೂರವಾದ ಉದ್ದನೆಯ ಅಲಗು. ದೊಡ್ಡ ಅಲಗು ತಗೊಂಡರೆ ವೇಗ ಬರುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಸೈಕಲ್‌ನಲ್ಲಿ ಭಾರದ ಗೇರ್ ಹಾಕಿಕೊಂಡು ಏರು ಹತ್ತಿದ ಹಾಗೆ ಅದು, ಮೊದಲ ಹತ್ತು ನಿಮಿಷ ಖುಷಿ, ಆಮೇಲೆ ತೋಳು ಕೇಳುವುದಿಲ್ಲ. ಭುಜ ನೋವಿರುವ ನಿಮಗೆ ಚಿಕ್ಕ ಅಲಗೇ ಸರಿ, ಹೊಡೆತ ಸ್ವಲ್ಪ ಬೇಗ ಬೇಗ ಹಾಕಿ.

ಈಗ ತೂಕದ ವಿಷಯ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಅಲ್ಯೂಮಿನಿಯಂ ಕೋಲು, ಪ್ಲಾಸ್ಟಿಕ್ ಅಲಗಿನ ಪ್ಯಾಡಲ್ ಸುಮಾರು 1,100 ಗ್ರಾಂ ತೂಗುತ್ತದೆ. ಫೈಬರ್‌ಗ್ಲಾಸ್‌ನದ್ದು 850-950. ಪೂರ್ತಿ ಕಾರ್ಬನ್ ಆದರೆ 700ರ ಆಸುಪಾಸು. ಅಂಗಡಿಯಲ್ಲಿ ಕೈಗೆತ್ತಿಕೊಂಡಾಗ ಈ 400 ಗ್ರಾಂ ಏನೂ ಅನ್ನಿಸುವುದಿಲ್ಲ. ಆದರೆ ನಿಮಿಷಕ್ಕೆ 50 ಹೊಡೆತ ಅಂತ ಇಟ್ಟುಕೊಳ್ಳಿ, ನಾಲ್ಕು ಗಂಟೆಗೆ 12,000 ಆಯಿತು. ಪ್ರತಿ ಸಲ 400 ಗ್ರಾಂ ಹೆಚ್ಚು ಎತ್ತಿದರೆ ಸಂಜೆಗೆ 4,800 ಕಿಲೋ. ಪ್ರತಿ ಹೊಡೆತಕ್ಕೂ ಪೂರ್ತಿ ತೂಕ ಎತ್ತುವುದಿಲ್ಲ ನಿಜ, ಲೆಕ್ಕ ಅಷ್ಟು ಸರಳ ಅಲ್ಲ, ಆದರೂ ಭುಜಕ್ಕೆ ಅದು ಗೊತ್ತಾಗದೆ ಇರುವುದಿಲ್ಲ. ಅದಕ್ಕೇ ಹೇಳುವುದು, ಹಳೆಯ ಕಯಾಕ್ ಕೊಂಡು ಉಳಿಸಿದ ದುಡ್ಡನ್ನು ಪ್ಯಾಡಲ್‌ಗೆ ಹಾಕಿ. ದೋಣಿಯ ಭಾರವನ್ನು ನೀರು ಹೊರುತ್ತದೆ. ಪ್ಯಾಡಲ್‌ನ ಭಾರವನ್ನು ದಿನವಿಡೀ ನೀವೇ ಹೊರಬೇಕು. ಕಾರ್ಬನ್ ಕೈಗೆಟುಕದಿದ್ದರೆ ಬೇಸರ ಬೇಡ, ಫೈಬರ್‌ಗ್ಲಾಸ್ ಸಾಕಷ್ಟು ಹಗುರ, ನಮ್ಮ ಕಲ್ಲು ಮರಳಿನ ದಡದಲ್ಲಿ ತಕ್ಕಮಟ್ಟಿಗೆ ಪೆಟ್ಟನ್ನೂ ತಡೆಯುತ್ತದೆ.

ಕೋಲಿನ ದಪ್ಪವನ್ನೂ ನೋಡಿ. ಇದನ್ನು ಯಾರೂ ಕೇಳುವುದಿಲ್ಲ. ಸಾಮಾನ್ಯ ಶಾಫ್ಟ್ ದಪ್ಪ ಅನ್ನಿಸುವ ಚಿಕ್ಕ ಕೈಯವರಿಗೆ ಅಂತಲೇ ಸಪೂರ ಶಾಫ್ಟ್ ಮಾಡುತ್ತಾರೆ, ವರ್ನರ್‌ನಂಥ ಕಂಪನಿಗಳಲ್ಲಿ ಕೇಳಿದರೆ ಸಿಗುತ್ತದೆ. ಹೆಬ್ಬೆರಳು ತೋರುಬೆರಳು ಕೋಲನ್ನು ಬಳಸಿ ಒಂದಕ್ಕೊಂದು ಸುಲಭವಾಗಿ ಮುಟ್ಟಬೇಕು. ಮುಟ್ಟದಿದ್ದರೆ ಗೊತ್ತಿಲ್ಲದ ಹಾಗೆ ಬಿಗಿಯಾಗಿ ಹಿಡಿಯುತ್ತೀರಿ, ಅಲ್ಲಿಂದ ಮಣಿಕಟ್ಟು ನೋವು ಶುರು. ಎರಡು ಅಲಗುಗಳ ನಡುವಿನ ತಿರುಚು, ಫೆದರ್ ಅಂತಾರಲ್ಲ, ಅದರ ಬಗ್ಗೆ ತುಂಬಾ ತಲೆ ಕೆಡಿಸಿಕೊಳ್ಳಬೇಡಿ. ಹಿಂದೆ 60 ಡಿಗ್ರಿ ಮಾಮೂಲಿ ಆಗಿತ್ತು, ಈಗ ಬಹಳ ಜನ ಸೊನ್ನೆಯಿಂದ 45ರ ಒಳಗೆ ಇಟ್ಟುಕೊಳ್ಳುತ್ತಾರೆ. ಸೊನ್ನೆಯಿಂದ ಶುರು ಮಾಡಿ. ಎದುರುಗಾಳಿಯಲ್ಲಿ ಮೇಲಿನ ಅಲಗು ಗಾಳಿಗೆ ತಡೆಯಾಗುತ್ತಿದೆ ಅನ್ನಿಸಿದರೆ 15, 30 ಮಾಡಿ ನೋಡಿ.

ಗಂಗೊಳ್ಳಿ ಅಳಿವೆ ದಾಟಿ ಹೊರಗೆ ಹೋಗುವ ಯೋಚನೆ ಇದ್ದರೆ ಒಂದು ಮಾತು. ಅಲ್ಲಿ ಕಡಲು ಸೇರುವ ಐದು ನದಿಗಳ ನೀರು ಇಳಿತದಲ್ಲಿ ಹೊರಗೆ ಓಡುತ್ತಿರುವಾಗ ಮಧ್ಯಾಹ್ನದ ಗಾಳಿ ಎದುರಿನಿಂದ ಬಂದರೆ ಅಲ್ಲಿ ತೆರೆ ಕಡಿದಾಗಿ ಏಳುತ್ತದೆ. ನಿಮ್ಮೂರಿನವರಿಗೆ ನಾನು ಹೇಳಬೇಕಾಗಿಲ್ಲ. ಅಂಥ ಕಡೆ ಪ್ಯಾಡಲ್ ಕೈಬಿಟ್ಟರೆ ಅಥವಾ ಮುರಿದರೆ ಏನೂ ಮಾಡುವ ಹಾಗಿಲ್ಲ. ಹಿಂದಿನ ಡೆಕ್ ಮೇಲೆ, ಕೂತಲ್ಲಿಂದ ಕೈಗೆ ಸಿಗುವ ಹಾಗೆ, ಎರಡು ತುಂಡಿನ ಇನ್ನೊಂದು ಪ್ಯಾಡಲ್ ಕಟ್ಟಿಕೊಂಡೇ ಹೋಗಿ. ಅಗ್ಗದ್ದಾದರೂ ಪರವಾಗಿಲ್ಲ, ಆದರೆ ನಿಮ್ಮ ಅಳತೆಯದ್ದೇ ಇರಲಿ. ಪ್ಯಾಡಲ್‌ಗೆ ಕಟ್ಟುವ ಹಗ್ಗ ಗಾಳಿಯಲ್ಲಿ ಒಳ್ಳೆಯದು, ಆದರೆ ದಡದ ತೆರೆಯಲ್ಲಿ ಇಳಿಯುವಾಗ, ಏರುವಾಗ ಬಿಚ್ಚಿಡಿ. ಮಗುಚಿದಾಗ ಮೈಗೆ ಸುತ್ತಿಕೊಳ್ಳುತ್ತದೆ.

ಪ್ರಶ್ನೆ: ಊರು ಸಾಗರ, ಈಗ ಸಿಯಾಟಲ್‌ನಲ್ಲಿದ್ದೇನೆ. ಇಲ್ಲಿನ ಕಡಲ ಕೊಲ್ಲಿ ಪ್ಯೂಜೆಟ್ ಸೌಂಡ್‌ನಲ್ಲಿ ವಾರಕ್ಕೊಮ್ಮೆ ಕಯಾಕ್ ಓಡಿಸುತ್ತೇನೆ. ನಮ್ಮ ಗುಂಪಿನಲ್ಲಿ ಇಬ್ಬರು ಮರದ ಸಪೂರ ಗ್ರೀನ್‌ಲ್ಯಾಂಡ್ ಪ್ಯಾಡಲ್ ಹಿಡಿಯುತ್ತಾರೆ. ನೋಡಿದರೆ ಅದರಲ್ಲಿ ದೋಣಿ ಮುಂದೆ ಹೋಗುತ್ತದಾ ಅನ್ನಿಸುತ್ತದೆ. ಮುಂದಿನ ಸಲ ಊರಿಗೆ ಬಂದಾಗ ನಮ್ಮ ಬಡಗಿಯ ಕೈಲಿ ತೇಗದಲ್ಲಿ ಒಂದು ಮಾಡಿಸಬಹುದಾ?

ಉತ್ತರ: ಹೋಗುತ್ತದೆ, ಚೆನ್ನಾಗಿಯೇ ಹೋಗುತ್ತದೆ. ಕಯಾಕ್ ಅನ್ನುವುದನ್ನೇ ಲೋಕಕ್ಕೆ ಕೊಟ್ಟ ಉತ್ತರದ ಹಿಮನಾಡಿನ ಜನ ಸೀಲ್ ಬೇಟೆಗೆ ಹಿಡಿದ ಹುಟ್ಟು ಅದು. ಗ್ರೀನ್‌ಲ್ಯಾಂಡ್‌ನಲ್ಲಿ ದೊಡ್ಡ ಮರ ಬೆಳೆಯುವುದಿಲ್ಲ, ಅಲ್ಲಿಯ ಇನ್ಯುಯಿಟ್ ಜನ ಕಡಲು ತಂದು ದಡಕ್ಕೆ ಹಾಕಿದ ಮರದ ದಿಮ್ಮಿಯಿಂದ ಹುಟ್ಟು ಕೆತ್ತಿದರು. ಅಲಗು ಸಪೂರವಾದರೂ ಉದ್ದಕ್ಕೆ ಇರುವುದರಿಂದ ನೀರು ಹಿಡಿಯುವ ಜಾಗ ಕಡಿಮೆ ಏನಲ್ಲ. ನೀರಿನಲ್ಲಿ ಮೆಲ್ಲಗೆ ಹಿಡಿತ ಸಿಗುತ್ತದೆ, ಗಾಳಿ ಅದನ್ನು ಕಿತ್ತುಕೊಳ್ಳುವುದಿಲ್ಲ, ಮಗುಚಿದ ಕಯಾಕ್ ಅನ್ನು ಮತ್ತೆ ಎಬ್ಬಿಸುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಹುಟ್ಟು ನಾನು ಹಿಡಿದಿಲ್ಲ. ನಿಮ್ಮಲ್ಲಿ ನೀರು ಬೇಸಿಗೆಯಲ್ಲೂ ತಣ್ಣಗೇ ಇರುತ್ತದೆ, ಚಳಿಗಾಲದಲ್ಲಿ ಮರದ ಹಿಡಿ ಕೈಗೆ ಅಲ್ಯೂಮಿನಿಯಂನಷ್ಟು ಕೊರೆಯುವುದಿಲ್ಲ. ಅದೂ ಒಂದು ಸುಖವೇ.

ಇದರ ಅಳತೆ ತುಂಬಾ ಚಂದ. ಟೇಪು ಬೇಡ, ಮೈಯೇ ಟೇಪು. ಎರಡೂ ಕೈ ಚಾಚಿದಾಗ ಬೆರಳ ತುದಿಯಿಂದ ಬೆರಳ ತುದಿಗೆ ಎಷ್ಟೋ ಅಷ್ಟು, ಅಂದರೆ ಒಂದು ಮಾರು, ಅದಕ್ಕೆ ಮೊಣಕೈಯಿಂದ ನಡುಬೆರಳ ತುದಿಯವರೆಗಿನ ಒಂದು ಮೊಳ ಸೇರಿಸಿ. ಅದು ನಿಮ್ಮ ಹುಟ್ಟಿನ ಉದ್ದ. ನಡುವಿನ ಹಿಡಿ ಸುಮಾರು ಭುಜದ ಅಗಲ. ಅಲಗಿನ ಅಗಲ ಕೈಯಲ್ಲಿ ಬಳಸಿ ಹಿಡಿಯುವಷ್ಟು, 8-9 ಸೆಂ.ಮೀ. ಮಾರು, ಮೊಳ ಅಂತ ಹೂವು ಅಳೆಯುವ ನಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ ಅಲ್ವಾ!

ತೇಗ ಮಾತ್ರ ಬೇಡ. ತೇಗ ಗಟ್ಟಿ, ಎಣ್ಣೆಯ ಅಂಶ ಇರುವ ಮರ, ನೀರಿಗೆ ಹೆದರುವುದಿಲ್ಲ, ಎಲ್ಲ ಸರಿ. ಆದರೆ ಭಾರ. ಈ ಹುಟ್ಟಿಗೆ ಹೆಚ್ಚಾಗಿ ಬಳಸುವ ವೆಸ್ಟರ್ನ್ ರೆಡ್ ಸೀಡರ್ ಒಂದು ಘನ ಮೀಟರ್‌ಗೆ ಸುಮಾರು 370 ಕಿಲೋ, ತೇಗ 650ರ ಹತ್ತಿರ. ಸೀಡರ್‌ನಲ್ಲಿ 900 ಗ್ರಾಂ ಆಗುವ ಹುಟ್ಟು ತೇಗದಲ್ಲಿ ಒಂದೂವರೆ ಕಿಲೋ ದಾಟುತ್ತದೆ. ಮೊದಲ ಪತ್ರದವರಿಗೆ ಹೇಳಿದ ಲೆಕ್ಕ ಓದಿ. ಸೀಡರ್ ನಿಮ್ಮ ವಾಷಿಂಗ್ಟನ್ ರಾಜ್ಯದ್ದೇ ಮರ, ಗಂಟಿಲ್ಲದ, ಎಳೆ ನೇರವಾಗಿರುವ ಎಂಟಡಿಯ ಟೂ ಬೈ ಫೋರ್ (ಹೆಸರಿಗೆ 2 ಇಂಚು ದಪ್ಪ, 4 ಇಂಚು ಅಗಲದ) ಹಲಗೆ ಒಂದಿದ್ದರೆ ಸಾಕು. ಊರಿಗೆ ಬರುವವರೆಗೆ ಕಾಯಬೇಡಿ, ಅಲ್ಲೇ ನೀವೇ ಕೆತ್ತಿ. ಒಂದು ಕೈ ತೋಪಡ, ಒಂದು ಗರಗಸ, ಎರಡು ವಾರಾಂತ್ಯ. ಬಡಗಿಯ ಹತ್ತಿರ ಹೋಗಿ ತೋಪಡ ಹಿಡಿಯುವುದು ಹೇಗೆ ಅಂತ ಕೇಳಿಕೊಂಡು ಬಂದರೆ ಅದೇ ದೊಡ್ಡ ಉಡುಗೊರೆ. ಕೊನೆಗೆ ಟಂಗ್ ಆಯಿಲ್ ಹಚ್ಚಿ, ವಾರ್ನಿಷ್ ಬೇಡ, ಒದ್ದೆ ಕೈಗೆ ಜಾರುತ್ತದೆ.

ಹಿಡಿದ ಮೊದಲ ದಿನ ಹುಟ್ಟು ನೀರಿನಲ್ಲಿ ನಡುಗಿದರೆ ಹೆದರಬೇಡಿ. ಅಲಗಿನ ಮೇಲಂಚನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ ಎಳೆಯಿರಿ, ನಿಲ್ಲುತ್ತದೆ.

ಪ್ರಶ್ನೆ: ಹೊನ್ನಾವರದಲ್ಲಿ ಶರಾವತಿಯ ಕಾಂಡ್ಲಾ ಕಾಡಿನೊಳಗೆ ಪ್ರವಾಸಿಗರನ್ನು ಕಯಾಕ್‌ನಲ್ಲಿ ಕರೆದೊಯ್ಯುತ್ತೇವೆ. ಎರಡು ತುಂಡಿನ ಪ್ಯಾಡಲ್‌ಗಳ ಜೋಡು ಸಿಕ್ಕಿಹಾಕಿಕೊಂಡು ಬಿಚ್ಚಲು ಬರುವುದಿಲ್ಲ. ಏನು ಮಾಡಬೇಕು?

ಉತ್ತರ: ಮರಳು ಮತ್ತು ಉಪ್ಪು. ಸುತ್ತಿಗೆ ತಗೊಂಡು ಹೊಡೆಯಬೇಡಿ, ಬೆಂಚಿಗೆ ಕಚ್ಚಿಸಿ ತಿರುಚಬೇಡಿ, ಕೋಲು ಸೀಳುತ್ತದೆ. ಮೊದಲು ಜೋಡಿನ ಮೇಲೆ ಸಿಹಿನೀರು ಧಾರಾಳವಾಗಿ ಸುರಿದು ಸ್ವಲ್ಪ ಹೊತ್ತು ಬಿಡಿ. ಆಮೇಲೆ ಇಬ್ಬರು ಎದುರು ಬದುರು ನಿಲ್ಲಿ. ಇಬ್ಬರೂ ಒಂದೊಂದು ಕೈಯನ್ನು ಜೋಡಿನ ಈಚೆಗೆ, ಇನ್ನೊಂದು ಕೈಯನ್ನು ಆಚೆಗೆ ಇಟ್ಟು, ಒಟ್ಟಿಗೆ ಎಳೆಯಿರಿ, ಗುಂಡಿ ಒತ್ತಿರುವುದನ್ನು ಮರೆಯದೆ. ಎಳೆತ ನೇರಕ್ಕೆ ಬೀಳುತ್ತದೆ, ಸಾಮಾನ್ಯವಾಗಿ ಬಿಟ್ಟುಕೊಳ್ಳುತ್ತದೆ. ಬಿಡದಿದ್ದರೆ ಜೋಡಿನಲ್ಲಿ ಹೊರಗಡೆ ಇರುವ ಕೊಳವೆಯ ಮೇಲೆ ಮಾತ್ರ ಬಿಸಿನೀರು ಹೊಯ್ದು ತಕ್ಷಣ ಎಳೆಯಿರಿ. ಎಣ್ಣೆ, ಗ್ರೀಸು ಹಚ್ಚಬೇಡಿ, ಅದಕ್ಕೆ ಮರಳು ಇನ್ನೂ ಅಂಟುತ್ತದೆ. ದಿನದ ಕೊನೆಯ ಟ್ರಿಪ್ ಮುಗಿದ ಕೂಡಲೇ ಎಲ್ಲ ಪ್ಯಾಡಲ್ ಬಿಚ್ಚಿ, ಎರಡು ತುದಿಯನ್ನೂ ನಲ್ಲಿ ನೀರಿನಲ್ಲಿ ತೊಳೆದು, ಬಿಚ್ಚಿಯೇ ಒಣಗಲು ಬಿಡಿ. ಈ ಕೆಲಸವನ್ನು ಹುಡುಗರಲ್ಲಿ ಯಾರಾದರೂ ಒಬ್ಬರಿಗೇ ವಹಿಸಿ, ಇಲ್ಲದಿದ್ದರೆ ನಾಳೆ ಬೆಳಿಗ್ಗೆ ಮತ್ತೆ ಎಳೆದಾಡುತ್ತಾ ಕೂರಬೇಕಾಗುತ್ತದೆ.