ಓದುಗರ ಪ್ರಶ್ನೆ: ಬಂಗಾರದಂಥ ಮರಳು ಬೂದಿಯಂತೆ ಏಕೆ ಬಂತು?

ಪ್ರಶ್ನೆ: ನಾನು ಸಿಂಧನೂರಿನವನು. ಹೋದ ಡಿಸೆಂಬರ್‌ನಲ್ಲಿ ಮನೆಯವರೊಂದಿಗೆ ಜೈಸಲ್ಮೇರ್‌ಗೆ ಹೋಗಿದ್ದಾಗ ಸಮ್‌ನ ಮರಳುದಿಬ್ಬಗಳ ಚಿತ್ರ ತೆಗೆದೆ. ಒಂದು ಗೆರೆ, ಮೇಲೆ ಬರೀ ಆಕಾಶ, ಅಷ್ಟೇ ಇರುವ ಚಿತ್ರಗಳು ನನಗೆ ಇಷ್ಟ. ಆದರೆ ನನ್ನ ಚಿತ್ರಗಳಲ್ಲಿ ಬಂಗಾರದಂಥ ಮರಳು ಬೂದಿಯಂತೆ ಬಂದಿದೆ. ನೋಡಿದವರು ‘ಇದರಾಗ ಏನೈತಿ?’ ಎಂದು ಕೇಳುತ್ತಾರೆ. ನನ್ನಲ್ಲಿ 18–55 ಮತ್ತು 55–250 ಮಿ.ಮೀ. ಲೆನ್ಸ್‌ಗಳಿವೆ. ಬರುವ ಚಳಿಗಾಲದಲ್ಲಿ ಮತ್ತೆ ಹೋಗುವವನಿದ್ದೇನೆ. ಎಲ್ಲಿ ತಪ್ಪಿದ್ದೇನೆ?

ಉತ್ತರ: ಬೂದಿಬಣ್ಣದ ತಪ್ಪು ಕ್ಯಾಮೆರಾದ್ದು, ‘ಏನೈತಿ’ ಎಂಬ ಪ್ರಶ್ನೆಗೆ ಮಾತ್ರ ನೀವೇ ಉತ್ತರ ಕೊಡಬೇಕು. ಕ್ಯಾಮೆರಾದೊಳಗಿನ, ಬೆಳಕು ಅಳೆಯುವ ಮೀಟರ್‌ಗೆ ಎದುರಿಗಿರುವುದು ಮರಳೋ ಮಸಿಯೋ ಎಂಬುದು ಗೊತ್ತಾಗುವುದಿಲ್ಲ. ಅದು ಕಂಡದ್ದನ್ನೆಲ್ಲ ಮಧ್ಯಮ ಬೂದುಬಣ್ಣದ ಮಟ್ಟಕ್ಕೆ ತಂದು ನಿಲ್ಲಿಸಲು ನೋಡುತ್ತದೆ. ಆದ್ದರಿಂದ ಚೌಕಟ್ಟಿನ ತುಂಬ ಹೊಳೆಯುವ ಮರಳೇ ಇದ್ದರೆ ಚಿತ್ರ ಕಪ್ಪಿಡುತ್ತದೆ. ಚಿತ್ರದ ಬೆಳಕನ್ನು ಏರಿಳಿಸುವ ಎಕ್ಸ್‌ಪೋಶರ್ ಕಾಂಪೆನ್ಸೇಶನ್‌ನ್ನು ಮರಳಿಗೆ +1ರ ಆಸುಪಾಸಿನಲ್ಲಿ ಇಟ್ಟುಕೊಳ್ಳಿ. ಮುಂದೆಂದಾದರೂ ಕಚ್ಛದ ಬಿಳಿ ಉಪ್ಪಿನ ರಣಕ್ಕೆ ಹೋದರೆ ಇನ್ನೂ ಸ್ವಲ್ಪ ಏರಿಸಬೇಕಾದೀತು. ತೆಗೆದ ಕೂಡಲೇ ಹಿಸ್ಟೋಗ್ರಾಂ (ಎಡಕ್ಕೆ ಕತ್ತಲು, ಬಲಕ್ಕೆ ಬೆಳಕು ಎಷ್ಟಿದೆಯೆಂದು ತೋರಿಸುವ ನಕ್ಷೆ) ನೋಡಿ, ಅದು ಬಲಗಡೆಯ ಗೋಡೆಗೆ ತಾಗದಿರುವಂತೆ ನೋಡಿಕೊಳ್ಳಿ. ಬಣ್ಣದ ಛಾಯೆಯನ್ನು ಸರಿದೂಗಿಸುವ ವೈಟ್ ಬ್ಯಾಲೆನ್ಸ್‌ನ್ನು ಆಟೋದಲ್ಲಿ ಬಿಟ್ಟರೆ ಬೆಳಗಿನ ಹೊಂಬಣ್ಣವನ್ನು ಅದು ದೋಷವೆಂದು ತಿಳಿದು ತಿದ್ದಿಬಿಡುವುದುಂಟು. ‘ಡೇಲೈಟ್’ಗೆ ಹಾಕಿ, ರಾ ಫೈಲ್‌ನಲ್ಲಿ (ಕ್ಯಾಮೆರಾ ತಿದ್ದದೆ ಉಳಿಸುವ ಮೂಲ ರೂಪದಲ್ಲಿ) ತೆಗೆಯಿರಿ.

ಇದನ್ನು ಕಲಿಯಲು ರಾಜಸ್ಥಾನದವರೆಗೆ ಹೋಗಬೇಕಾಗಿಲ್ಲ. ನಿಮ್ಮೂರಿನ ಸುತ್ತ ಕಾಲುವೆ ನೀರಿನ ಗದ್ದೆಗಳೇ ಹೆಚ್ಚಾದರೂ ಮಸ್ಕಿ ದಾಟಿ ಲಿಂಗಸುಗೂರಿನ ಕಡೆಗೆ ಹೋದರೆ ಎರೆಹೊಲಗಳು ಸಿಗುತ್ತವೆ. ಜೋಳ, ಕಡಲೆ ಕಿತ್ತ ಮೇಲೆ, ಅಂಗೈ ಇಳಿಯುವಷ್ಟು ಬಿರುಕು ಬಿಟ್ಟು ಮಲಗಿರುವ ಆ ಕರಿನೆಲವೂ ಒಂದು ಬಗೆಯ ಬಯಲುಗಾಡೇ. ಅಲ್ಲಿ ಮೀಟರ್ ಇದೇ ತಪ್ಪನ್ನು ತಿರುವುಮುರುವಾಗಿ ಮಾಡುತ್ತದೆ: ಕರಿಮಣ್ಣನ್ನು ಬೆಳ್ಳಗೆ ಮಾಡಿ ಬೂದಿಯಾಗಿಸುತ್ತದೆ, ನೀವು −1ರ ಕಡೆಗೆ ಇಳಿಸಬೇಕಾಗುತ್ತದೆ. ಎರಡು ಸಂಜೆ ಅಲ್ಲಿ ಕಳೆದರೆ ಮೀಟರ್ ಯಾವಾಗ ಮೋಸ ಮಾಡುತ್ತದೆ ಎಂಬುದು ಕೈಗೆ ಬರುತ್ತದೆ.

ಆ ಹೊಲದಲ್ಲೊಂದು ಒಂಟಿ ಜಾಲಿಮರ ಇದ್ದೇ ಇರುತ್ತದೆ, ಅದರ ಹಿಂದೆ ಕರೆಂಟ್ ಕಂಬವೂ ಇರುತ್ತದೆ. ಕಂಬವನ್ನು ಆಮೇಲೆ ಕಂಪ್ಯೂಟರಿನಲ್ಲಿ ಅಳಿಸಿದರಾಯಿತು ಎಂದುಕೊಳ್ಳಬೇಡಿ. ಬದುವಿನ ಮೇಲೆ ಇಪ್ಪತ್ತು ಹೆಜ್ಜೆ ಎಡಕ್ಕೆ ನಡೆಯಿರಿ, ಕುಕ್ಕುರುಗಾಲಿನಲ್ಲಿ ಕೂತು ನೋಡಿ, ಕಂಬವು ಮರದ ಹಿಂದೆ ಮರೆಯಾಗುತ್ತದೋ ಚೌಕಟ್ಟಿನ ಹೊರಗೆ ಹೋಗುತ್ತದೋ ಪರೀಕ್ಷಿಸಿ. ಕಡಿಮೆ ವಸ್ತುಗಳ ಚಿತ್ರದಲ್ಲಿ ಉಳಿದ ಒಂದೊಂದೂ ಎದ್ದು ಕಾಣುತ್ತದೆ. ಜಾತ್ರೆಯ ಚಿತ್ರದಲ್ಲಿ ಕಣ್ಣಿಗೆ ಬೀಳದ ಪ್ಲಾಸ್ಟಿಕ್ ಚೀಲ ಇಲ್ಲಿ ನಾಯಕನಾಗಿಬಿಡುತ್ತದೆ. ಹಂಪಿ, ಆನೆಗೊಂದಿ ಸೀಮೆಯ ಬಂಡೆಗುಡ್ಡಗಳು ಎಷ್ಟು ಚೆಂದವಿದ್ದರೂ ಈ ಅಭ್ಯಾಸಕ್ಕೆ ನಾನು ಅವನ್ನು ಸೂಚಿಸುವುದಿಲ್ಲ, ಅಲ್ಲಿ ಕಲ್ಲಿನ ಮೇಲೆ ಕಲ್ಲು ಕೂತು ಮಾತಾಡುತ್ತಿರುತ್ತವೆ.

ಇನ್ನು ದಿಬ್ಬದ ವಿಷಯ. ಗಾಳಿ ಬೀಸುವ ಕಡೆಯ ಇಳಿಜಾರು ಸಾವಕಾಶವಾಗಿ ಏರುತ್ತದೆ. ಮರೆಯ ಕಡೆಯಲ್ಲಿ ಮರಳು ಸುಮಾರು 33 ಡಿಗ್ರಿಯ ಕಡಿದಾದ ಕೋನದಲ್ಲಿ ಜಾರಿ ನಿಲ್ಲುತ್ತದೆ. ಇವೆರಡೂ ಕೂಡುವ ಏಣೇ ನೀವು ಹುಡುಕುತ್ತಿರುವ ಗೆರೆ. ಸೂರ್ಯ ಕೆಳಗಿದ್ದು ಬೆಳಕು ಅಡ್ಡದಿಂದ ಬಿದ್ದಾಗ ಒಂದು ಪಕ್ಕ ಬೆಳಗಿ ಮತ್ತೊಂದು ಪಕ್ಕ ನೆರಳಾಗುತ್ತದೆ, ಮಧ್ಯಾಹ್ನ ಅದೇ ಗೆರೆ ಕರಗಿಹೋಗುತ್ತದೆ. ಡಿಸೆಂಬರ್ ಕೊನೆಗೆ ಜೈಸಲ್ಮೇರಿನಲ್ಲಿ ಸೂರ್ಯ ಹುಟ್ಟುವುದು ಏಳೂವರೆಯ ಸುಮಾರಿಗೆ, ಅಂದರೆ ರಾಯಚೂರಿಗಿಂತ ಮುಕ್ಕಾಲು ಗಂಟೆಯಷ್ಟು ತಡವಾಗಿ. ಹಾಗಾಗಿ ಬೆಳಗಿನ ಬೆಳಕಿಗೆ ನಿದ್ದೆಗೆಡಬೇಕಾದದ್ದೂ ಕಡಿಮೆ. ಪಟ್ಟಣದಿಂದ ಸುಮಾರು 40 ಕಿ.ಮೀ. ದೂರದ ಸಮ್‌ನಲ್ಲಿ ಸಂಜೆಗೆ ಒಂಟೆ, ಜೀಪು, ಜನ ಎಲ್ಲ ಸೇರಿ ಮರಳನ್ನು ತುಳಿದಿರುತ್ತಾರೆ. ರಾತ್ರಿ ಗಾಳಿ ಬೀಸಿದ್ದರೆ ಬೆಳಿಗ್ಗೆ ಅದೇ ದಿಬ್ಬ ಹೊಸದಾಗಿರುತ್ತದೆ. ನೀವೂ ಮೊದಲು ದೂರ ನಿಂತೇ ನೋಡಿ, ಹೆಜ್ಜೆ ಊರಿದ ಮೇಲೆ ಅದನ್ನು ಹಿಂದೆಗೆದುಕೊಳ್ಳಲಾಗದು.

ಲೆನ್ಸ್‌ಗಳಲ್ಲಿ ನಿಮಗೆ ಹೆಚ್ಚು ಒದಗುವುದು 55–250. ಅಗಲ ಲೆನ್ಸ್‌ನಲ್ಲಿ ಮರುಭೂಮಿ ಇಡಿಯಾಗಿ ಸಿಗುತ್ತದೆ, ಚಿತ್ರ ಸಿಗುವುದಿಲ್ಲ. ಉದ್ದ ಲೆನ್ಸ್ ಒಂದು ತಿರುವು, ಒಂದು ನೆರಳು, ದೂರದ ಒಂದು ಮನುಷ್ಯಾಕೃತಿ ಇಷ್ಟನ್ನೇ ಕತ್ತರಿಸಿ ಕೊಡುತ್ತದೆ. ಬಣ್ಣ ಕೈಕೊಟ್ಟ ದಿನ ಕಪ್ಪು-ಬಿಳುಪಿನಲ್ಲಿ ಯೋಚಿಸಿ. ಅಮೆರಿಕದ ಛಾಯಾಗ್ರಾಹಕ ಎಡ್ವರ್ಡ್ ವೆಸ್ಟನ್ 1936ರಲ್ಲಿ ಕ್ಯಾಲಿಫೋರ್ನಿಯಾದ ಓಷಿಯಾನೋ ದಿಬ್ಬಗಳನ್ನು ಸೆರೆಹಿಡಿದದ್ದು ಕಪ್ಪು-ಬಿಳುಪಿನಲ್ಲೇ.

ಪ್ರಶ್ನೆ: ಮರಳಿನಿಂದ ಕ್ಯಾಮೆರಾ ಉಳಿಸಿಕೊಳ್ಳುವುದು ಹೇಗೆ? (ಕೊಪ್ಪಳದ ಓದುಗರು)

ಉತ್ತರ: ದಿಬ್ಬದ ಮೇಲೆ ಲೆನ್ಸ್ ಬದಲಿಸಬೇಡಿ. ನಾನೊಮ್ಮೆ ಬದಲಿಸಿದೆ. ಮನೆಗೆ ಬಂದು ನೋಡಿದರೆ ಬರಿದಾದ ಆಕಾಶದ ತುಂಬ ಸಾಸಿವೆ ಚೆಲ್ಲಿದಂತೆ ಕಲೆಗಳಿದ್ದವು. ಕ್ಯಾಮೆರಾದೊಳಗೆ ಚಿತ್ರ ಮೂಡುವ ಸೆನ್ಸರ್ ಮೇಲಿನ ಧೂಳು ಅಪರ್ಚರ್ (ಲೆನ್ಸ್‌ನಲ್ಲಿ ಬೆಳಕು ಹಾಯುವ ಕಂಡಿ) ಕಿರಿದಾದಷ್ಟೂ ಸ್ಪಷ್ಟವಾಗಿ ಮೂಡುತ್ತದೆ. ಎಫ್/8ರಿಂದ ಎಫ್/11 ಸಾಕು, ಇನ್ನೂ ಕಿರಿದಾದ ಎಫ್/22ಕ್ಕೆ ಹೋಗಬೇಡಿ. ಲೆನ್ಸ್ ಗಾಜಿನ ಮೇಲೆ ಮರಳು ಕೂತರೆ ಮೊದಲು ಬ್ಲೋಅರ್‌ನಿಂದ ಊದಿ, ಆಮೇಲಷ್ಟೇ ಬಟ್ಟೆ ಮುಟ್ಟಿಸಿ.